ರೆಫರಿಯ ಭಾಮೈದ

"ಇಲ್ಲಿ ನೋಡಿ ಸಾರ್, ಏಟು ಇನ್ನೂ ಬಿದ್ದೇ ಇಲ್ಲ, ಜನ ಆಗ್ಲೇ ಕೂಗ್ತಿದ್ದಾರೆ," ಎಂದು ಟೀವಿಯ ಹುಡುಗಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟಳು.

ರೆಫರಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಪರದೆಯಲ್ಲಿ ಪಟ್ಟೆ ಅಂಗಿ ತೊಟ್ಟು, ಕಪ್ಪು ಮೀಸೆ ಹೊತ್ತು ಅವರೇ ಓಡಾಡುತ್ತಿದ್ದರು. ಈಗ ಆ ಮೀಸೆಯೂ ಇಲ್ಲ, ಆ ಓಟವೂ ಇಲ್ಲ. "ಕೂಗನ್ನ ಆಮೇಲೆ ಸೇರಿಸ್ತಿದ್ರು ಕಣಮ್ಮ. ಅಷ್ಟು ಜನ ಎಲ್ಲಿಂದ ತರೋದು? ಕೂತಿರ್ತಿದ್ದೋರೆಲ್ಲ ನಮ್ಮ ನಮ್ಮ ಮನೆಯೋರೇ," ಎಂದರು.

ಶನಿವಾರ ಸಂಜೆಯ ಆ ಕುಸ್ತಿ ಕಾರ್ಯಕ್ರಮ ನಿಂತು ಒಂದು ತಲೆಮಾರೇ ಕಳೆದಿತ್ತು. ಒಂದು ಕಾಲಕ್ಕೆ ಅದು ಶುರುವಾದರೆ ಬೀದಿಯಲ್ಲಿ ನರಪಿಳ್ಳೆ ಕಾಣುತ್ತಿರಲಿಲ್ಲ. ಈಗ ಅದೇ ಟೀವಿಯವರು ಹಳೆಯ ಟೇಪುಗಳನ್ನು ಕೆದಕಿ, ಅದರಲ್ಲಿ ಏನು ಸರಿಯಿತ್ತು, ಏನು ತಪ್ಪಿತ್ತು ಎಂದು ಹೇಳುವ ಕಾರ್ಯಕ್ರಮ ಮಾಡಲು ಹೊರಟಿದ್ದರು. ಹುಡುಗಿಗೆ ಸರಿಗಿಂತ ತಪ್ಪೇ ಹೆಚ್ಚು ಸಿಕ್ಕಿತ್ತು. ಒಳ್ಳೆಯವನು ಯಾವಾಗಲೂ ಬೆಳ್ಳಗೆ, ಕೆಟ್ಟವನು ಯಾವಾಗಲೂ ಕಪ್ಪಗೆ. ಕುಳ್ಳನೊಬ್ಬ ಕಣಕ್ಕೆ ಬಂದರೆ ಜನ ನಗಬೇಕು, ಹೆಂಗಸು ಬಂದರೆ ಶಿಳ್ಳೆ ಹಾಕಬೇಕು. ದೇಶವಿದೇಶದ ಜಟ್ಟಿಗಳೆಂದು ಹೇಳಿಕೊಂಡವರೆಲ್ಲ ಅದೇ ನಾಲ್ಕೈದು ಜನ, ವಾರಕ್ಕೊಂದು ಮುಖವಾಡ ಹಾಕಿಕೊಂಡು ಬರುತ್ತಿದ್ದರು. ರೆಫರಿ ಯಾವುದಕ್ಕೂ ಎದುರಾಡಲಿಲ್ಲ.

"ನೀನು ಹೇಳೋದೆಲ್ಲ ಸರೀನೇ. ಆದ್ರೆ ರೆಫರಿ ಕೆಲಸದಲ್ಲಿ ಮಾತ್ರ ಯಾರೂ ಬೆರಳು ಮಾಡಿ ತೋರಿಸೋ ಹಾಗಿರ್ಲಿಲ್ಲ," ಎಂದರು.

ಒಳಬಾಗಿಲ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತನ್ನಷ್ಟಕ್ಕೆ ನಕ್ಕಳು. ವಾರವೆಲ್ಲ ತೂಕ-ಅಳತೆ ಇಲಾಖೆಯ ಪರವಾಗಿ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತುವುದು, ಶನಿವಾರ ಸುಳ್ಳು ಕುಸ್ತಿಗೆ ತೀರ್ಪು ಕೊಡುವುದು, ಇದು ಗಂಡನ ಆಗಿನ ಬದುಕು. ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ಬಿಡದ ಮನುಷ್ಯ ಸುಳ್ಳಿನಲ್ಲಿ ಬಿಟ್ಟಾರೇ? ಸುಳ್ಳಿಗೂ ಒಂದು ಕಾಯಿದೆ ಬೇಡವೇನೇ ಎಂದು ಆಕೆಯನ್ನೇ ಕೇಳುತ್ತಿದ್ದರು.

ಅಂಥ ಕಾಯಿದೆಗಳಲ್ಲಿ ಒಂದನ್ನು ಆಕೆಯ ತಮ್ಮನಿಗಾಗಿಯೇ ಮಾಡಿದ್ದರು. ತಮ್ಮ 'ಮಿಂಚು' ಎಂಬ ಹೆಸರಿನಲ್ಲಿ ಕಣಕ್ಕಿಳಿಯುತ್ತಿದ್ದ. ಅವನ ಮುಖವಾಡ ಹೊಲಿದುಕೊಟ್ಟದ್ದು ಆಕೆಯೇ. ಕುಸ್ತಿಯವನು ರೆಫರಿಯ ಭಾಮೈದನಂತೆ ಎಂದು ಜನ ಆಡಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? ಆದ್ದರಿಂದ ಕಣದಲ್ಲಿ ಅವನು ಭಾವನನ್ನು 'ಸಾರ್' ಎನ್ನಬೇಕು. ನಿಜವಾಗಿಯೂ ಪೆಟ್ಟಾಗಿ, ತಡೆಯಲಾರೆ ಎನ್ನಿಸಿದಾಗ ಮಾತ್ರ 'ಭಾವ' ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ ರೆಫರಿ ಆಟ ನಿಲ್ಲಿಸುತ್ತಾರೆ. ಅಯ್ಯೋ, ಅಪ್ಪಾ, ಸತ್ತೆ ಎಂಬುದೆಲ್ಲ ಆಟದ ಕೂಗು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಇದೇ ಮನೆಯಲ್ಲಿ ಊಟ ಮಾಡುತ್ತಾ ಮೂವರೂ ಸೇರಿ ಮಾತಾಡಿಕೊಂಡದ್ದು.

ಕೊನೆಯ ಕುಸ್ತಿಯಲ್ಲಿ ತಮ್ಮನ ಕತ್ತಿಗೆ ಆದ ಪೆಟ್ಟು ವಾಸಿಯಾಗಲೇ ಇಲ್ಲ. ಆಸ್ಪತ್ರೆಯಿಂದ ಬಂದವನು, "ನಾನು ಕರೆದೆ, ಭಾವ ಕೇಳಿಸ್ಕೊಂಡೂ ನಿಲ್ಲಿಸ್ಲಿಲ್ಲ," ಎಂದ. ಗಂಡ, "ಅವನು ಕರೆದೇ ಇಲ್ಲ," ಎಂದರು. ಇಬ್ಬರೂ ಆಣೆ ಮಾಡಿ ಹೇಳಿದರು. ಇಬ್ಬರಲ್ಲಿ ಒಬ್ಬರದು ಸುಳ್ಳಾಗಿರಲೇಬೇಕು, ಗಂಡನಂತೂ ಸುಳ್ಳು ಹೇಳುವವರಲ್ಲ. "ನೀನು ಮರೆತಿದ್ದಕ್ಕೆ ಅವರ ತಲೆಗೆ ಕಟ್ಟಬೇಡ," ಎಂದು ತಮ್ಮನಿಗೆ ಆಕೆಯೇ ಹೇಳಿದಳು. ಅವತ್ತು ಹೊಸ್ತಿಲು ದಾಟಿದವನು ಮತ್ತೆ ಇತ್ತ ಸುಳಿಯಲಿಲ್ಲ. ಇದೇ ಊರಿನಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅವನಿಗೆ ಕತ್ತು ಹೊರಳುತ್ತಿರಲಿಲ್ಲ. ಆಕೆ ಎದುರಾದರೆ ಇಡೀ ಮೈಯನ್ನೇ ತಿರುಗಿಸಿ ಅತ್ತ ನೋಡುತ್ತಿದ್ದ. ಅಷ್ಟು ಕಷ್ಟಪಟ್ಟು ಮುಖ ತಿರುಗಿಸುತ್ತಾನಲ್ಲ ಎಂದು ಆಕೆಗೆ ಅಳು ಬರುತ್ತಿತ್ತು.

"ಇನ್ನೊಂದು ವಿಷಯ ಸಾರ್," ಎಂದಳು ಹುಡುಗಿ. "ಕಣದ ಹಲಗೆ ಕೆಳಗೆ ಒಂದು ಮೈಕ್ ಇಟ್ಟಿದ್ರಂತೆ, ಬಿದ್ದಾಗ ಧಡ್ ಅನ್ನೋದು ಜೋರಾಗಿ ಕೇಳ್ಲಿ ಅಂತ. ಅದರ ಧ್ವನಿ ಬೇರೆಯಾಗೇ ಉಳಿದಿದೆ. ನೀವು ಒಳಗೊಳಗೇ ಮಾತಾಡ್ಕೊಂಡಿದ್ದೆಲ್ಲ ಕೇಳ್ಸುತ್ತೆ."

ಅವಳು ಏನನ್ನೋ ಒತ್ತಿದಳು. ಚಪ್ಪಾಳೆ, ಕೂಗು ಎಲ್ಲ ಮಾಯವಾಗಿ ಬರೀ ಏದುಸಿರು ಉಳಿಯಿತು. ಊರಿಗೆಲ್ಲ ಭಯ ಹುಟ್ಟಿಸಿದ್ದ 'ಕರಿಚೇಳು' ಎಂಬ ಜಟ್ಟಿ ಎದುರಾಳಿಯನ್ನು ಎತ್ತಲು ಹೋಗಿ, "ಸೊಂಟ ಹಿಡ್ಕೊಂಡಿದೆ ಕಣೋ, ನೀನೇ ಸ್ವಲ್ಪ ನೆಗೆದ್ಬಿಡು," ಎಂದು ಪಿಸುಗುಟ್ಟಿದ. ರೆಫರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊಲಿಗೆ ಯಂತ್ರ ನಿಂತಿತು. "ಮಿಂಚಿನ ಕೊನೇ ಕುಸ್ತಿ ಇದ್ಯೇನಮ್ಮ ಅದ್ರಲ್ಲಿ?" ಎಂದು ಆಕೆ ಕೇಳಿದಳು.

"ಇದೆ ಅಮ್ಮ. ಹಾಕ್ಲಾ?"

ಗಂಡ ಬೇಡವೆಂದಾರು ಎಂದು ಆಕೆ ಎಣಿಸಿದ್ದಳು. ರೆಫರಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. "ಧಾರಾಳವಾಗಿ ಹಾಕು. ಹಾಲು ಯಾವ್ದು, ನೀರು ಯಾವ್ದು, ಇವತ್ತು ಗೊತ್ತಾಗಿಹೋಗ್ಲಿ."

ಆಕೆಗೆ ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು. ತಮ್ಮನ ಮಾತು ಸುಳ್ಳಾದರೆ ಅವನು ಹೋದದ್ದು ಹೋದ ಹಾಗೆಯೇ. ಗಂಡನ ಮಾತು ಸುಳ್ಳಾದರೆ ಇಷ್ಟು ಕಾಲ ಯಾರನ್ನು ನಂಬಿ ಬಾಳಿದ ಹಾಗಾಯಿತು? ಆದರೂ ಎದ್ದು ಬಂದು ಗಂಡನ ಕುರ್ಚಿಯ ಹಿಂದೆ ನಿಂತಳು.

ಕರಿಚೇಳು ಮಿಂಚಿನ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಲಕ್ಕೆ ಅದುಮಿದ್ದ. ರೆಫರಿ ಪಕ್ಕದಲ್ಲೇ ಮಂಡಿಯೂರಿದ್ದರು. ಹಲಗೆ ಧಡ್ ಎಂದಿತು. ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ ಇತ್ತು. ಆಮೇಲೆ ಸಣ್ಣ ದನಿಯೊಂದು, "ಅಕ್ಕಾ," ಎಂದಿತು.

ಮತ್ತೆ, "ಅಕ್ಕಾ... ಅಕ್ಕಾ."

"ಸಾರ್, ಹುಡುಗ ಯಾಕೋ ಮೈ ಸಡಿಲ ಬಿಟ್ಟಿದ್ದಾನೆ. ನಿಲ್ಸೋಣ್ವಾ?" ಎಂದದ್ದು ಕರಿಚೇಳು.

"ಅವನಾಗಿ ಇನ್ನೂ ಹೇಳಿಲ್ಲ. ನಡೀಲಿ," ಎಂದಿತು ರೆಫರಿಯ ಪಿಸುದನಿ.

ಚಿತ್ರ ಪ್ರೇಕ್ಷಕರ ಕಡೆ ತಿರುಗಿತು. ಮೂರನೆಯ ಸಾಲಿನಲ್ಲಿ ಆಕೆಯೇ ಕೂತಿದ್ದಳು, ಉದ್ದ ಜಡೆಯ ಹರೆಯದವಳು. ಪಕ್ಕದವಳ ಭುಜ ತಿವಿದು ಏನೋ ಹೇಳಿ, ಬಾಯಿ ತುಂಬ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಕಣದಿಂದ ಮತ್ತೊಮ್ಮೆ "ಅಕ್ಕಾ" ಎಂದು ಕೇಳಿತು. ಅವಳು ಇನ್ನೂ ತಟ್ಟುತ್ತಲೇ ಇದ್ದಳು.

ಹುಡುಗಿ ತಾನಾಗಿಯೇ ಅದನ್ನು ನಿಲ್ಲಿಸಿದಳು.

"ನೋಡಿದ್ಯಾ?" ಎಂದು ರೆಫರಿ ಹಿಂದಕ್ಕೆ ಒರಗಿದರು. "ಎಲ್ಲಾದ್ರೂ ಭಾವ ಅಂದಿದ್ದಾನಾ?"

"ಕರೆದಿದ್ದಾನಲ್ರೀ."

"ನಿನ್ನನ್ನ ಕರೆದಿದ್ದಾನೆ, ನನ್ನನ್ನಲ್ಲ. ನಾವು ಮಾತಾಡ್ಕೊಂಡಿದ್ದೇನು?"

"ಅವತ್ತೇ ನಿಮಗೆ ಇದು ಕೇಳಿಸಿತ್ತಾ?"

"ಕೇಳಿಸ್ದೆ ಏನು, ಪಕ್ಕದಲ್ಲೇ ಇದ್ನಲ್ಲ. ಅಪ್ಪಾ ಅಮ್ಮಾ ಅನ್ನೋ ಹಾಗೆ ಅದೂ ಒಂದು ಅನ್ಕೊಂಡೆ."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಗಂಡ ಸುಳ್ಳು ಹೇಳಿರಲಿಲ್ಲ, ತಮ್ಮನೂ ಹೇಳಿರಲಿಲ್ಲ. ಜೀವ ಬಾಯಿಗೆ ಬಂದಾಗ ಏನೆಂದು ಕೂಗಿದೆನೆಂಬುದು ಅವನಿಗೇ ನೆನಪಿರಲಿಲ್ಲ; ಕೂಗಿದ್ದು ಮಾತ್ರ ನೆನಪಿತ್ತು. ಸುಳ್ಳ ಎಂದು ಅವನನ್ನು ಕಳಿಸಿಬಿಟ್ಟವಳು ತಾನು.

ರೆಫರಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. "ಭಾವ ಅಂದಿದ್ರೆ ಆ ಕ್ಷಣಕ್ಕೇ ನಿಲ್ಲಿಸ್ತಿದ್ದೆ ಕಣೇ," ಎಂದರು, ಈ ಸಲ ದನಿ ತಗ್ಗಿತ್ತು.

"ನಿಲ್ಲಿಸ್ತಿದ್ರಿ, ಗೊತ್ತು," ಎಂದಳು.

ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ತಮ್ಮನ ನಂಬರನ್ನು ಯಾರಲ್ಲೂ ಕೇಳಬೇಕಾಗಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿತ್ತು, ಹಾದುಹೋದಾಗಲೆಲ್ಲ ಓದಿ ಓದಿ ಬಾಯಿಪಾಠವಾಗಿತ್ತು. ಒತ್ತುವಾಗ ಒಂದು ಸಲ ತಪ್ಪಾಯಿತು. ಎರಡನೆಯ ಸಲ ಗಂಟೆ ಬಹಳ ಹೊತ್ತು ಹೊಡೆದುಕೊಂಡಿತು.

"ಬೀಗದಂಗಡಿ," ಎಂದ ತಮ್ಮ. ಫೋನನ್ನು ಎಲ್ಲಿಗೋ ಒರಗಿಸಿಟ್ಟು ಕೆಲಸ ಮಾಡುತ್ತಲೇ ಮಾತಾಡುತ್ತಿದ್ದನೆಂದು ಕಾಣುತ್ತದೆ. ಕೀಲಿಯನ್ನು ಅರದಿಂದ ಉಜ್ಜುವ ಕರಕರ ಸದ್ದು ಹಿಂದೆ ಕೇಳುತ್ತಿತ್ತು. "ಹಲೋ, ಯಾರ್ ಮಾತಾಡೋದು?"

ಹೇಳಬೇಕೆಂದು ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅಕ್ಕ," ಎಂದಳು.

ಅರದ ಸದ್ದು ನಿಂತಿತು.