ಹೊಳೆಯದ ಎಳೆಗಳು

ನಾಶಿಕದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಜಯಮಾಲಾ ಹದಿನೆಂಟು ವರ್ಷಗಳಿಂದ ದಾಖಲೆಗಳನ್ನು ಪರೀಕ್ಷಿಸುತ್ತಿದ್ದಳು. ಅಂಕಪಟ್ಟಿ, ಸ್ಟಾಂಪ್ ಪೇಪರ್, ಚೆಕ್ಕು, ಏನೇ ಬರಲಿ, ಮಸೂರದಡಿ ಇಟ್ಟು ಯಾವ ಬಗೆಯ ಮುದ್ರಣ, ಅಸಲಿಯೋ ನಕಲಿಯೋ ಎಂದು ಹೇಳುವುದು ಅವಳ ಕೆಲಸ. ಬೀದರಿನಿಂದ ಮದುವೆಯಾಗಿ ಬಂದವಳು, ಕೆಲಸವನ್ನು ನೋಡಿ ನೋಡಿಯೇ ಕಲಿತಿದ್ದಳು.

ಎರಡು ವರ್ಷದ ಹಿಂದೆ ಮಾಲವಿಕಾ ಬಂದಳು. ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕನ್ನಡಿಗ ಎಂಜಿನಿಯರೊಬ್ಬರ ಮಗಳು, ಫೊರೆನ್ಸಿಕ್ ಓದಿದವಳು. ಅರ್ಧ ಕೆಲಸವನ್ನು ಜಯಮಾಲಾಳ ಪಕ್ಕದಲ್ಲಿ ಕೂತೇ ಕಲಿತಳು. ಆದರೆ ಮೇಲಧಿಕಾರಿ ರಘೋತ್ತಮರು ಹೊರಗಿನವರಿಗೆ "ಇವರೇ ನಮ್ಮ ತಜ್ಞೆ" ಎಂದು ತೋರಿಸುತ್ತಿದ್ದದ್ದು ಮಾಲವಿಕಾಳನ್ನು. ಪಕ್ಕದಲ್ಲೇ ನಿಂತ ಜಯಮಾಲಾಳಿಗೆ ಹೊಟ್ಟೆ ಉರಿಯುತ್ತಿತ್ತು. ಮನೆಗೆ ಹೋಗಿ ಒಗ್ಗರಣೆ ಹಾಕುವಾಗಲೂ ಅದೇ ಮಾತು ಕಿವಿಯಲ್ಲಿರುತ್ತಿತ್ತು.

ಒಂದು ಮಂಗಳವಾರ ಮಾಲವಿಕಾ ಬರೆದ ವರದಿಯೊಂದು ಜಯಮಾಲಾಳ ಕೈಗೆ ಬಂತು. ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆಯ ನೌಕರ ಮಹಿಬೂಬನ ಡಿಪ್ಲೊಮಾ ಪ್ರಮಾಣಪತ್ರ ನಕಲಿ ಎಂದಿತ್ತು. ಕಾರಣ ಎರಡು: ನೇರಳಾತೀತ ದೀಪದಡಿ, ಅಸಲಿ ಕಾಗದದೊಳಗೆ ಹೊಳೆಯಬೇಕಾದ ಎಳೆಗಳು ಹೊಳೆಯಲಿಲ್ಲ; ಕ್ರಮಸಂಖ್ಯೆಯ ಅಂಕಿಗಳಿಗೆ ಅಚ್ಚು ಒತ್ತಿದ ತಗ್ಗು ಇಲ್ಲ.

ಜಯಮಾಲಾ ಪ್ರಮಾಣಪತ್ರವನ್ನು ಒಮ್ಮೆ ನೋಡಿದಳು, ಅಷ್ಟೇ. ಅದಕ್ಕೆ ಲ್ಯಾಮಿನೇಷನ್ ಆಗಿತ್ತು. ಪ್ಲಾಸ್ಟಿಕ್ ಆ ಬೆಳಕನ್ನು ತಡೆಯುತ್ತದೆ, ಬಿಸಿಗೆ ತಗ್ಗು ಸಮನಾಗುತ್ತದೆ. ಹುಡುಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವಳು ಫೈಲು ಮುಚ್ಚಿದಳು. ಎಲ್ಲರೆದುರು ಬೀಳಲಿ ಎಂದುಕೊಂಡಳು.

ಶುಕ್ರವಾರ ಕಾರ್ಖಾನೆಯಲ್ಲಿ ವಿಚಾರಣೆ. ರಘೋತ್ತಮರು ಇಬ್ಬರನ್ನೂ ಕಳಿಸಿದರು. ಲ್ಯಾಮಿನೇಷನ್ನಿನ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆಂದು ಜಯಮಾಲಾ ಕಾದು ಕೂತಳು.

ಯಾರೂ ಕೇಳಲಿಲ್ಲ. ಮಾಲವಿಕಾ ಎಷ್ಟು ಸೊಗಸಾಗಿ ವಿವರಿಸಿದಳೆಂದರೆ ವಿಚಾರಣೆಗೆ ಕೂತ ಅಧಿಕಾರಿ ತಲೆದೂಗಿದರು. ಎದುರಿಗಿದ್ದ ಮಹಿಬೂಬ ಹತ್ತಿರದ ಸಿಲ್ಲೋಡಿನವನು. "ಮೂರು ವರ್ಷ ಓದೀನಿ ಸಾಹೇಬ್. ಇದಕ್ಕಿಂತ ಬೇರೆ ಏನು ತೋರಿಸಲಿ?" ಎಂದು ಹಿಂದಿಯಲ್ಲಿ ಕೇಳಿದ. ಅಧಿಕಾರಿ ವಜಾ ಪತ್ರವನ್ನು ಮುಂದಕ್ಕೆಳೆದುಕೊಂಡರು.

ತಪ್ಪು ಹೇಳಿಯೂ ಗೆಲ್ಲುತ್ತಿದ್ದಾಳಲ್ಲ ಎಂಬ ಉರಿಗೋ, ಆ ಮನುಷ್ಯನ ಮುಖ ನೋಡಲಾಗದೆಯೋ, ಜಯಮಾಲಾ ಎದ್ದಳು. "ಒಂದು ನಿಮಿಷ ಸರ್. ಇದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದು ಯಾರು?"

"ನಮ್ಮ ಅಬ್ಬಾ. ಮಳೆಗೆ ಹಾಳಾಗಬಾರದು ಅಂತ," ಎಂದ ಮಹಿಬೂಬ.

ಸಂಖ್ಯೆಯಿದ್ದ ಮೂಲೆಯಲ್ಲಿ ಪ್ಲಾಸ್ಟಿಕ್ ಕಿತ್ತು ಬರುತ್ತಿತ್ತು. ಮಹಿಬೂಬನನ್ನು ಕೇಳಿಯೇ ಅವಳು ಅದನ್ನು ಮೆಲ್ಲಗೆ ಎತ್ತಿದಳು. ಕಿಟಕಿಯ ಪರದೆ ಎಳೆಸಿ, ತಂದಿದ್ದ ನೇರಳಾತೀತ ದೀಪ ಹಿಡಿದಾಗ ಬರಿಯ ಕಾಗದದಲ್ಲಿ ಎರಡು ನೀಲಿ ಎಳೆಗಳು ಹೊಳೆದವು. ಮಸೂರದಡಿ ಅಂಕಿಗಳ ಅಂಚಿನಲ್ಲಿ ಶಾಯಿ ಗಟ್ಟಿಯಾಗಿ ನಿಂತಿತ್ತು. "ಅಚ್ಚು ಒತ್ತಿದಾಗ ಶಾಯಿ ಹೀಗೆ ಅಂಚಿಗೆ ಸರಿಯುತ್ತದೆ. ಕಂಪ್ಯೂಟರ್ ಪ್ರಿಂಟರಿನಲ್ಲಿ ಇದು ಬರುವುದಿಲ್ಲ," ಎಂದಳು.

ಅಧಿಕಾರಿ ತಾವೂ ನೋಡಿದರು. ಸೋಮವಾರದಿಂದ ಕೆಲಸಕ್ಕೆ ಬರುವಂತೆ ಮಹಿಬೂಬನಿಗೆ ಹೇಳಿದರು. ಅವನು ಪ್ರಮಾಣಪತ್ರವನ್ನು ಅಂಗಿಯ ತುದಿಯಿಂದ ಒರೆಸಿ ಚೀಲದೊಳಗಿಟ್ಟುಕೊಂಡ.

ನಾಶಿಕಕ್ಕೆ ವಾಪಸು ಹೊರಟ ಬಸ್ಸು ವೈಜಾಪುರ ದಾಟಿದ ಮೇಲೆ ಮಾಲವಿಕಾ ಬಾಯಿ ತೆರೆದಳು. "ಅಕ್ಕಾ, ನಿಮಗ ಯಾವಾಗ ಗೊತ್ತಾತು?"

"ಮಂಗಳವಾರ."

"ಮತ್ತ ಯಾಕ ಹೇಳಲಿಲ್ಲರಿ?"

"ನೀ ಬೀಳೂದು ನೋಡಬೇಕಿತ್ತು ನನಗ."

ಮಾಲವಿಕಾ ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಮಾಲವಿಕಾ ರಘೋತ್ತಮರ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡಳು. ಜಯಮಾಲಾ ಇಲ್ಲದಿದ್ದರೆ ಒಬ್ಬನ ನೌಕರಿ ಹೋಗುತ್ತಿತ್ತು ಎಂದಳು. ಮಂಗಳವಾರದ ಸುದ್ದಿ ಎತ್ತಲಿಲ್ಲ. ರಘೋತ್ತಮರು ಜಯಮಾಲಾಳ ಕಡೆ ತಿರುಗಿ, "ನೋಡ್ರಿ, ಈ ವಯಸ್ಸಿನಾಗ ತಪ್ಪು ಒಪ್ಪಿಕೊಳ್ಳೂದು ಸಣ್ಣ ಮಾತಲ್ಲ," ಎಂದರು.

ತಿದ್ದಿದ ವರದಿಗೆ ಜಯಮಾಲಾ ಸಹಿ ಹಾಕಿದಳು. ಹುಡುಗಿ ಚಾಡಿ ಹೇಳಿದ್ದರೆ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು. ದಿನಾ ಜೊತೆಗೇ ಉಣ್ಣುತ್ತಿದ್ದ ಮಾಲವಿಕಾ ಅಂದು ಮಧ್ಯಾಹ್ನ ತನ್ನ ಊಟದ ಡಬ್ಬಿ ತೆಗೆದುಕೊಂಡು ಬೇರೆ ಮೇಜಿಗೆ ಹೋಗಿ ಕೂತಳು.