ಪೇನ್ ಗೀನ್

ನಮ್ಮ ಅತ್ತಿಗೆಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಬರುತ್ತದೆ, ಆದರೆ ಒಂಟಿಯಾಗಿ ಬರುವುದಿಲ್ಲ. ಫೀವರ್ ಎಂದರೆ ಬೆನ್ನಿಗೇ ಗೀವರ್, ಟೋಕನ್ ಎಂದರೆ ಗೀಕನ್. ಕಾಫಿ ಗೀಫಿ ಎಂದು ನಾವೆಲ್ಲ ಅನ್ನುತ್ತೇವೆ, ಅದರಲ್ಲೇನೂ ತಪ್ಪಿಲ್ಲ. ಇಂಗ್ಲಿಷಿಗೂ ಆ ಬಾಲ ಅಂಟಿಸಿದರೆ ಕೇಳಿದವರು ಏನಂದುಕೊಳ್ಳಬೇಕು?

ಅತ್ತಿಗೆ ಎಂಟು ವರ್ಷದಿಂದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದಾಳೆ, ಹಿಂದಿನ ಕೋಣೆಯಲ್ಲಿ. ಬಳಸಿದ ಇಕ್ಕಳ, ಕೊಕ್ಕೆ, ಪುಟ್ಟ ಕನ್ನಡಿಗಳನ್ನು ತೊಳೆದು, ಹಬೆಯ ಪೆಟ್ಟಿಗೆಯಲ್ಲಿಟ್ಟು ತೆಗೆದು, ಜೋಡಿಸಿಡುವ ಕೆಲಸ. ಹೋದ ತಿಂಗಳು ಮುಂದಿನ ಮೇಜಿನಲ್ಲಿ ಕೂರುತ್ತಿದ್ದವಳು ಕೆಲಸ ಬಿಟ್ಟಳು. ಅತ್ತಿಗೆ ನೇರವಾಗಿ ಡಾಕ್ಟರ ಬಳಿ ಹೋಗಿ, ಆ ಜಾಗ ತನಗೆ ಕೊಡಿ ಎಂದು ಕೇಳಿಯೇಬಿಟ್ಟಳು. ಡಾಕ್ಟರಿಗೆ ಕನ್ನಡ ಬಾರದು. ಬರುವ ರೋಗಿಗಳೂ ಹತ್ತು ಕಡೆಯವರು, ಎಲ್ಲರಿಗೂ ಅಷ್ಟಿಷ್ಟು ತಿಳಿಯುವುದು ಇಂಗ್ಲಿಷ್ ಒಂದೇ. ಶನಿವಾರ ಬೆಳಿಗ್ಗೆ ಕೂತು ನೋಡು, ನಿಭಾಯಿಸಿದರೆ ಕುರ್ಚಿ ನಿನ್ನದು, ಇಲ್ಲದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇನೆ ಎಂದರು.

"ಎಂಟು ವರ್ಷ ಬರೀ ಸಾಮಾನೇ ನೋಡಿದ್ದೀನಿ ಕಣೇ," ಎಂದಳು ನನ್ನ ಹತ್ತಿರ. "ಯಾರ ಬಾಯಿಂದ ಬಂತು ಅಂತ ಒಂದು ದಿನಾನೂ ಗೊತ್ತಾಗ್ಲಿಲ್ಲ. ನಂಗೆ ಜನರ ಮುಖ ನೋಡ್ಬೇಕು."

ಇಂಥ ಮಾತಿಗೆ ನಾನು ಕರಗಿಬಿಡುತ್ತೇನೆ. ಮೇಲಾಗಿ ನಾನು ಇಂಗ್ಲಿಷ್ ಟೀಚರು. ಪರರ ಮಕ್ಕಳನ್ನೆಲ್ಲ ತಿದ್ದುವವಳು ಅಣ್ಣನ ಹೆಂಡತಿಯನ್ನು ಬಿಟ್ಟೇನೇ? ಅವತ್ತೇ ಅಡುಗೆಮನೆಯಲ್ಲಿ ಪಾಠ ಶುರುವಾಯಿತು.

"ಹೇಳು. ಡು ಯು ಹ್ಯಾವ್ ಪೇನ್?"

"ಡು ಯು ಹ್ಯಾವ್ ಪೇನ್..." ಎಂದು ಅತ್ತಿಗೆ ಸೌಟು ಹಿಡಿದು ನಿಂತಳು. ಸೀನು ಬರುವ ಮುಂಚೆ ಮುಖ ಒಂಥರಾ ಆಗುತ್ತದಲ್ಲ, ಹಾಗಾಯಿತು ಅವಳ ಮುಖ. "...ಗೀನ್?"

ಹಜಾರದಲ್ಲಿದ್ದ ನಮ್ಮಣ್ಣನಿಗೆ ಇದಕ್ಕಿಂತ ಮಜಾ ಬೇರೆ ಬೇಕಿರಲಿಲ್ಲ. "ಇಂಗ್ಲಿಷ್ ಗಿಂಗ್ಲಿಷ್ ಮುಗಿದಿದ್ರೆ ಊಟ ಹಾಕ್ತೀರಾ?" ಎಂದು ಅಲ್ಲಿಂದಲೇ ಕೂಗಿದ.

"ಗೀನ್ ಅಂದ್ರೆ ಏನು ಅತ್ತಿಗೆ? ಅರ್ಥ ಹೇಳು ನೋಡೋಣ," ಎಂದೆ ನಾನು, ತರಗತಿಯ ಗತ್ತಿನಲ್ಲಿ.

"ಅರ್ಥ ಗಿರ್ಥ ನಂಗೊತ್ತಿಲ್ಲಮ್ಮ. ಹಾಗೆ ಕೇಳಿದ್ರೆ ಪೂರ್ತಿ ಕೇಳ್ದಂಗಾಗುತ್ತೆ."

ಕೊನೆಗೆ ನಾನೇ ಉಪಾಯ ಹೇಳಿಕೊಟ್ಟೆ: ಗೀ ಬಂತು ಅನ್ನಿಸಿದ ತಕ್ಷಣ ಕೆಳತುಟಿ ಕಚ್ಚಿಕೋ. ಪಾಪ, ಶುಕ್ರವಾರದ ಹೊತ್ತಿಗೆ ತುಟಿ ಕೆಂಪಗೆ ಊದಿಕೊಂಡಿತ್ತು. ಗೀ ಮಾತ್ರ ಹೋಗಿತ್ತು.

ಶನಿವಾರ ನಾನೂ ಹಲ್ಲುನೋವು ಎಂದು ಟೋಕನ್ ತೆಗೆದುಕೊಂಡು ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತೆ. ನನ್ನ ಹಲ್ಲಿಗೆ ಏನೂ ಆಗಿರಲಿಲ್ಲ, ಶಿಷ್ಯೆಯನ್ನು ನೋಡುವ ಆಸೆ ಅಷ್ಟೇ. ಅತ್ತಿಗೆ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ಮೇಜಿನ ಹಿಂದೆ ಸೆಟೆದು ಕೂತಿದ್ದಳು. ಒಬ್ಬೊಬ್ಬರ ತೊಂದರೆಯನ್ನೂ ಕೇಳಿ ಚೀಟಿಯಲ್ಲಿ ಬರೆದು ಒಳಗೆ ಕಳಿಸಬೇಕು. ಮೊದಲ ಮೂವರ ಹತ್ತಿರ ಪಾಠ ಒಪ್ಪಿಸಿದ ಹಾಗೆ ಮಾತಾಡಿದಳು. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯವನು ಲಾರಿ ಡ್ರೈವರ್. ಬಾಗಿಲು ತುಂಬುವಂಥ ಆಳು, ಒಂದು ಕೈ ಕೆನ್ನೆಯ ಮೇಲೆ.

"ಗುಡ್ ಮಾರ್ನಿಂಗ್ ಸರ್. ಡು ಯು ಹ್ಯಾವ್ ಪೇನ್?"

"ನೋ."

"ಸ್ವೆಲಿಂಗ್?"

"ನೋ."

"ಬ್ಲೀಡಿಂಗ್?"

"ನೋ, ನೋ." ಆಸಾಮಿಗೆ ಡಾಕ್ಟರೆಂದರೆ ಭಯ ಎನ್ನುವುದು ಒಳಕೋಣೆಯತ್ತ ಅವನು ಕದ್ದು ಕದ್ದು ನೋಡುತ್ತಿದ್ದುದರಲ್ಲೇ ಕಾಣುತ್ತಿತ್ತು. ಮೂರು ನೋ ಸಿಕ್ಕಿದ್ದೇ ಸಾಕೆಂದು, ಬದುಕಿದೆಯಾ ಬಡಜೀವವೇ ಅನ್ನುವಂತೆ ಹೊರಬಾಗಿಲ ಕಡೆ ತಿರುಗಿದ.

ಅತ್ತಿಗೆ ಖಾಲಿ ಚೀಟಿ ನೋಡಿದಳು, ಅವನ ಮುಖ ನೋಡಿದಳು. ತುಟಿ ಕಚ್ಚಿದಳು. ನನ್ನ ಕಡೆ ಒಮ್ಮೆ ನೋಡಿ ತುಟಿ ಬಿಟ್ಟಳು.

"ಸರ್," ಎಂದಳು. "ಪೇನ್ ಗೀನ್?"

ಕುರ್ಚಿ ಹೋಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಡ್ರೈವರ್ ನಿಂತ. "ಪೇನ್, ನೋ," ಎಂದ ನಿಧಾನವಾಗಿ. ಆಮೇಲೆ ಹಿಂದಿನ ದವಡೆಗೆ ಬೆರಳಿಟ್ಟು ಯೋಚಿಸಿದ. "ಗೀನ್... ಗೀನ್, ಯೆಸ್."

"ಕೋಲ್ಡ್ ವಾಟರ್?"

"ಯೆಸ್. ಗೀನ್. ತ್ರೀ ವೀಕ್ಸ್."

ಅತ್ತಿಗೆ ಚೀಟಿಯಲ್ಲಿ ದುಂಡಗೆ ಬರೆದು ಅವನನ್ನು ಒಳಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಡಾಕ್ಟರು ಚೀಟಿ ಹಿಡಿದು ಹೊರಗೆ ಬಂದರು.

"ಪೇನ್, ನೋ. ಗೀನ್, ಯೆಸ್," ಎಂದು ಓದಿದರು. "ವಾಟ್ ಈಸ್ ಗೀನ್?"

ಅತ್ತಿಗೆ ನನ್ನತ್ತ ನೋಡಿದಳು. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ತಲೆಯೊಳಗಿನ ಇಂಗ್ಲಿಷನ್ನೆಲ್ಲ ಜಾಲಾಡಿದೆ. ಒಂದು ಪದವೂ ಸಿಗಲಿಲ್ಲ.

"ಪೇನ್ಸ್ ಯಂಗರ್ ಸಿಸ್ಟರ್, ಡಾಕ್ಟರ್," ಎಂದಳು ಅತ್ತಿಗೆ. "ಶೀ ಕಮ್ಸ್ ಫಸ್ಟ್."

ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಚೀಟಿ ಮಡಿಸಿಕೊಂಡು ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಡ್ರೈವರನ್ನು ಕಳಿಸಲು ಬಂದರು. ದವಡೆಹಲ್ಲಿನಲ್ಲಿ ಕೂದಲೆಳೆಯ ಬಿರುಕು ಇತ್ತಂತೆ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಕೀಳಬೇಕಾಗುತ್ತಿತ್ತಂತೆ.

"ಆಸ್ಕ್ ಎವ್ರಿಬಡಿ," ಎಂದರು ಡಾಕ್ಟರು ಅತ್ತಿಗೆಗೆ. "ಬೋತ್ ಸಿಸ್ಟರ್ಸ್." ಆಮೇಲೆ ಅವಳ ಮೇಜಿನ ಮೇಲೆ ಬೆರಳು ಬಡಿದು, "ಮಂಡೇ. ಹಿಯರ್," ಎಂದು ಒಳಗೆ ನಡೆದರು.

ಅತ್ತಿಗೆ ಸ್ವಲ್ಪ ಹೊತ್ತು ಆ ಮೇಜನ್ನೇ ಸವರುತ್ತ ಕೂತಿದ್ದಳು. ಆಮೇಲೆ ನನ್ನ ಟೋಕನ್ ಕೂಗಿದಳು. ಎದುರು ಹೋಗಿ ನಿಂತೆ. ಹೊಸ ಚೀಟಿ ತೆಗೆದು, ಆ ಊದಿದ ತುಟಿಯಲ್ಲೇ ನಗು ತಡೆದುಕೊಂಡು, ನನ್ನ ಮುಖವನ್ನು ಸಾವಕಾಶವಾಗಿ ನೋಡಿದಳು.

"ಡು ಯು ಹ್ಯಾವ್ ಪೇನ್, ಮೇಡಮ್?"

"ನೋ," ಎಂದೆ.

"ಗೀನ್?"

"ಇದೆ ಅತ್ತಿಗೆ," ಎಂದೆ. "ಸ್ವಲ್ಪ."

ಅವಳು ಅದನ್ನೂ ಬರೆದುಕೊಂಡಳು.