ಕ್ಲೇಟನ್‌ಗಾಗಿ ಎತ್ತಿದ ಕೈ

ನಮ್ಮೂರಿನ ಮುದುಕರಷ್ಟು ಬಿಗುಮಾನದವರು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಹೋದ ವರ್ಷದ ಊರ ಸಭೆಯಲ್ಲಿ ವಯಸ್ಸಾದವರ ಮನೆ ಕಂದಾಯ ಇಳಿಸುವ ಪ್ರಸ್ತಾವ ಬಂತು. ಅದನ್ನು ಸೋಲಿಸಿದವರು ಯಾರು ಗೊತ್ತೇ? ಇವರೇ. ಶಾಲೆಯ ಸಭಾಂಗಣದ ಮಡಚು ಕುರ್ಚಿಗಳ ಮೇಲೆ, ಮತದ ಚೀಟಿ ತೊಡೆಯ ಮೇಲಿಟ್ಟುಕೊಂಡು, ಕೈಯೆತ್ತದೆ ಕೂತುಬಿಟ್ಟರು. ತನಗೆ ಲಾಭವಾಗುವ ಮಾತಿಗೆ ತಾನೇ ಕೈ ಎತ್ತುವುದೆಂದರೆ ಇವರ ಪಾಲಿಗೆ ಚರ್ಚಿನ ಕಾಣಿಕೆ ತಟ್ಟೆಯಿಂದ ಕದ್ದ ಹಾಗೆ.

ಪಕ್ಕದಲ್ಲಿ ಕೂತಿದ್ದ ನನ್ನ ಗೆಳತಿ ವರ್ನಾಳನ್ನು ಮೊಣಕೈಯಿಂದ ತಿವಿದೆ.

"ಎತ್ತೇ ಕೈನ!"

"ನನ್ನ ಮನೆ ಕಂದಾಯಕ್ಕೆ ನಾನೇ ಕೈ ಎತ್ಲಾ? ಮಾನ ಮರ್ಯಾದೆ ಇಲ್ವಾ ನಂಗೆ? ಸುಮ್ನೆ ಕೂತ್ಕೋ, ಐಡೆಲ್ಲಾ."

ನಾನಂತೂ ಎತ್ತಿದೆ. ಎತ್ತಿ ನಾಚಿಕೊಂಡೆ, ಆದರೂ ಇಳಿಸಲಿಲ್ಲ.

ಬಾಸ್ಟನ್ನಿನವರು ಬಂದು ಕೆರೆಯ ಸುತ್ತ ಮನೆ ಕೊಂಡಿದ್ದೇ ಕೊಂಡಿದ್ದು, ಎಲ್ಲರ ಮನೆಯ ಬೆಲೆಯೂ ಏರಿತು. ಅಡುಗೆಮನೆಯ ನೆಲ ಒಂದು ಕಡೆಗೆ ವಾಲಿರುವ ವರ್ನಾಳ ಮನೆಗೂ ಅರಮನೆಯ ಕಂದಾಯ. ಗಂಡ ಸತ್ತ ಮೇಲೆ ಅವಳಿಗೆ ಬರುವ ಪಿಂಚಣಿ ಮಾತ್ರ ಇದ್ದಷ್ಟೇ ಇದೆ. ಕ್ರಿಸ್‌ಮಸ್ ಹೊತ್ತಿಗೆ ಅವಳು ಚಹಾ ಬಗ್ಗಿಸುತ್ತಾ, "ಬೇಸಿಗೆ ಮುಗೀಲಿ, ಮನೆ ಮಾರ್ಬಿಡ್ತೀನಿ. ಫ್ಲಾರಿಡಾದಲ್ಲಿ ತಂಗಿ ಇದಾಳಲ್ಲ," ಎಂದಳು.

"ಆ ಸೆಕೆಗೆ ಬೆಣ್ಣೆ ಥರ ಕರಗಿ ಹೋಗ್ತೀಯ ಕಣೇ," ಎಂದು ನಕ್ಕೆ. ಮನೆಗೆ ಬಂದು ಕೋಟು ಕೂಡ ತೆಗೆಯದೆ ಅತ್ತೆ. ಶನಿವಾರ ಬಂದರೆ ಅವಳ ಮನೆಯ ಬೇಯಿಸಿದ ಬೀನ್ಸು, ಅವಳ ಬೈಗುಳ, ಇವೆರಡನ್ನೂ ತಿಂದೇ ನಾನು ಇಷ್ಟು ವರ್ಷ ಬದುಕಿದವಳು. ಫ್ಲಾರಿಡಾ ಹಾಳಾಗಿ ಹೋಗಲಿ.

ಈ ವರ್ಷ ಅದೇ ಪ್ರಸ್ತಾವ ಮತ್ತೆ ಬಂತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಾನು ಸೇಬಿನ ಪೈ ಬೇಯಿಸಿಕೊಂಡು ಮನೆ ಮನೆ ಹೊರಟೆ. ಮೊದಲು ನಮ್ಮದೇ ವಯಸ್ಸಿನ ಕ್ಲೇಟನ್. ಪಾಕಕ್ಕೆಂದು ಮೇಪಲ್ ಮರದ ರಸ ಕಾಯಿಸುತ್ತಾ ಹಬೆಯ ನಡುವೆ ನಿಂತಿದ್ದ.

"ಯಾರ್ ಮುಂದೇನೂ ಹೇಳ್ಬೇಡ ಕ್ಲೇಟನ್. ವರ್ನಾ ತುಂಬಾ ಕಷ್ಟದಲ್ಲಿದಾಳೆ."

"ವರ್ನಾನಾ? ಆ ಜಂಬದ ಹೆಂಗಸು ಬಾಯ್ಬಿಟ್ಟು ಹೇಳಿದ್ಲಾ?"

"ಬಾಯ್ಬಿಟ್ರೆ ಅವಳು ವರ್ನಾ ಹೇಗಾಗ್ತಾಳೆ?"

ಅವನು ಸೌಟು ಆಡಿಸಿದ. "ಸರಿ, ಅವಳಿಗೋಸ್ಕರ ಎತ್ತೋಣ. ನಂಗೇನೂ ಬೇಕಾಗಿಲ್ಲ, ತಿಳ್ಕೋ."

ಅದು ನಿಜ ಹೇಳಿದ್ದಾಯಿತು. ಸುಳ್ಳನ್ನು ವರ್ನಾಳಿಗೆ ಹೇಳಿದೆ: ಕ್ಲೇಟನ್‌ನ ಮನೆ ಸೋರುತ್ತಿದೆ, ಪಾಪ, ರಿಪೇರಿಗೂ ಗತಿಯಿಲ್ಲ. ಅವನ ಸೂರು ನನ್ನ ಸೂರಿಗಿಂತ ಗಟ್ಟಿ! ಹೀಗೆಯೇ ಅವರಿಗೆ ಇವರ ಕಷ್ಟ, ಇವರಿಗೆ ಅವರ ಕಷ್ಟ ಹಂಚುತ್ತಾ ಊರೆಲ್ಲ ಸುತ್ತಿದೆ.

ಸಭೆಯ ದಿನ ಅಧ್ಯಕ್ಷರು "ಒಪ್ಪುವವರು ಚೀಟಿ ಎತ್ತಿ" ಎಂದದ್ದೇ ತಡ, ನರೆತ ತಲೆಗಳ ಸಾಲು ಸಾಲೇ ಕೈ ಎತ್ತಿತು. ವರ್ನಾ ಕೈ ಎತ್ತಿ ಕ್ಲೇಟನ್‌ನನ್ನು ಅಯ್ಯೋ ಪಾಪ ಎಂದು ನೋಡುತ್ತಿದ್ದಳು. ಅವನೂ ಕೈ ಎತ್ತಿ ಅವಳನ್ನು ಹಾಗೆಯೇ ನೋಡುತ್ತಿದ್ದ. ನಾನು ನಗು ತಡೆಯಲಾಗದೆ ಕೆಮ್ಮಿದೆ. ಪ್ರಸ್ತಾವ ಗೆದ್ದಿತು.

ಗೆದ್ದರೆ ಸಾಕೇ? ರಿಯಾಯಿತಿ ಬೇಕಾದವರು ಏಪ್ರಿಲ್ ಮಧ್ಯದೊಳಗೆ ಟೌನ್ ಆಫೀಸಿಗೆ ಹೋಗಿ ಅರ್ಜಿ ಹಾಕಬೇಕು. ವರ್ನಾ ಹೋಗಲೇ ಇಲ್ಲ.

"ನಾನು ಕೈ ಎತ್ತಿದ್ದು ಕ್ಲೇಟನ್‌ಗೋಸ್ಕರ. ಈಗ ಓಡಿಹೋಗಿ ನನ್ನ ಹೆಸ್ರು ಬರೆಸಿದ್ರೆ ಜನ ಏನಂತಾರೆ?"

ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಜನ ಏನೂ ಅನ್ನುವುದಿಲ್ಲ ಎಂದೆ, ಗದರಿದೆ, ಗೋಗರೆದೆ. ಕ್ಲೇಟನ್‌ನ ಸೂರಿನ ಸುಳ್ಳನ್ನೂ ಒಪ್ಪಿಕೊಂಡೆ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಳು.

ಕೊನೆಯ ದಿನ ಮಧ್ಯಾಹ್ನ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ, ಕೆಸರು ತುಳಿದುಕೊಂಡು ಅವಳ ಮನೆಗೆ ಹೋದೆ. ಅವಳು ಬೀನ್ಸಿನ ಮಡಕೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ನನ್ನ ಹತ್ತಿರ ಹೊಸ ಸುಳ್ಳು ಒಂದೂ ಉಳಿದಿರಲಿಲ್ಲ. ಇನ್ನು ಉಳಿದದ್ದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಆಡದ ಮಾತು. ತೀರಿಹೋದ ಗಂಡನಿಗೂ ನಾನು ಅದನ್ನು ಆಡಿದವಳಲ್ಲ.

"ನೀನು ಹೋದ್ರೆ ನಂಗೆ ಯಾರೂ ಇಲ್ಲ ಕಣೇ," ಎಂದೆ. "ನಿನ್ನ ಮಾನ ಮರ್ಯಾದೆ ಹಾಗಿರ್ಲಿ. ನಂಗೆ ನೀನಿಲ್ಲಿರ್ಬೇಕು. ನಂಗೋಸ್ಕರ ಅರ್ಜಿ ಹಾಕು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ವರ್ನಾ ಅದನ್ನು ನಿಲ್ಲಿಸಿದಳು. ಕೈ ಒರೆಸಿಕೊಂಡಳು, ಆಮೇಲೆ ಅದೇ ಬಟ್ಟೆಯಿಂದ ಮೂಗೂ ಒರೆಸಿಕೊಂಡಳು. ಗೂಟದಲ್ಲಿದ್ದ ಕೋಟು ತೆಗೆದು ಹಾಕಿಕೊಳ್ಳತೊಡಗಿದಳು.

"ಇದನ್ನ ಹೋದ ವರ್ಷಾನೇ ಹೇಳೋಕೆ ನಿಂಗೇನಾಗಿತ್ತು?" ಎಂದಳು. "ನಡಿ, ಕಾರು ತೆಗಿ. ನಾಲ್ಕು ಗಂಟೆಗೆ ಆಫೀಸು ಮುಚ್ತಾರೆ."